ಮುಂಗೈ ಬಣ್ಣ

1979ರ ಮೇ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಚಾಮರಾಜಪೇಟೆಯ ಒಂದು ವಠಾರದ ಅಂಗಳದಲ್ಲಿ ನನ್ನ ಸೋದರತ್ತೆಯನ್ನು ಬಾಳೆಲೆಯ ಮುಂದಿನಿಂದ ಎಬ್ಬಿಸಲಾಯಿತು. ಅದು ಸಿನಿಮಾದ ಮದುವೆ, ಸಿನಿಮಾದ ಊಟ. ಎಲೆಗೆ ಬಡಿಸಿದ್ದ ಅನ್ನ, ತೊವ್ವೆ, ಕೋಸಂಬರಿ ನಿಜವಾದವು.

ಆ ದಿನ ನಾನು ಅಲ್ಲಿದ್ದೆ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಮಧ್ಯಾಹ್ನದ ಪಾಳಿ, ಭಾನುವಾರ ರಜೆ. ಹಾಗಾಗಿ ಬೆಳಗಿನ ಹೊತ್ತು ಎಷ್ಟೋ ದಿನ ಅತ್ತೆಯ ಜೊತೆ ಚಿತ್ರೀಕರಣದ ಜಾಗಕ್ಕೆ ಹೋಗಿದ್ದೇನೆ. ನಾನು ಹೋಗದ ದಿನಗಳದ್ದು ಅತ್ತೆ ಹೇಳಿದ್ದು.

ಆ ಹಾಸ್ಯಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಹೆಸರು ಬೇಡ. ಕಥೆ ಹೇಳಿದರೆ ಗುರುತು ಸಿಗುತ್ತದೆ. ಒಂದು ವಠಾರ. ಹಿರಿಯರಿಲ್ಲದ ಒಬ್ಬ ಹುಡುಗಿ. ಗಂಡಿನ ಕಡೆಯವರಿಗೆ ತುಂಬಿದ ಮನೆತನದ ಹೆಣ್ಣೇ ಬೇಕು. ವಠಾರದವರೆಲ್ಲ ಸೇರಿ ತಾವೇ ಆಕೆಯ ಬಂಧುಬಳಗವೆಂದು ಸುಳ್ಳು ಹೇಳುತ್ತಾರೆ. ಉರ್ದು ಮಾತಾಡುವ ದರ್ಜಿ ದೊಡ್ಡಪ್ಪನಾಗುತ್ತಾನೆ, ತಮಿಳಿನ ಇಸ್ತ್ರಿಯವನು ಸೋದರಮಾವನಾಗುತ್ತಾನೆ, ತೆಲುಗಿನ ಶೆಟ್ಟರು ತಾತನಾಗುತ್ತಾರೆ, ಬೀದಿ ಗುಡಿಸುವ ಹೆಂಗಸು ಸೋದರತ್ತೆಯಾಗುತ್ತಾಳೆ. ಗಂಡಿನ ತಂದೆಗೆ ಎಲ್ಲರಿಗಿಂತ ಹೆಚ್ಚು ಹಿಡಿಸುವವಳು ಅವಳೇ. ಕೊನೆಗೆ ಗುಟ್ಟು ರಟ್ಟಾಗುತ್ತದೆ, ಆದರೂ ಮದುವೆ ನಡೆಯುತ್ತದೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ದರ್ಜಿ, ಇಸ್ತ್ರಿಯವನು, ಶೆಟ್ಟರು, ಈ ಮೂರು ಪಾತ್ರ ಮಾಡಿದವರೂ ಒಂದೇ ನಾಟಕ ಕಂಪನಿಯಲ್ಲಿ ಪಳಗಿದ ಬಸವನಗುಡಿಯ ನಟರು. ದರ್ಜಿ ಪಾತ್ರದ ಅಂಗಿಯನ್ನು ಹೊಲಿದುಕೊಟ್ಟವರು ಮಾತ್ರ ಅದೇ ಬೀದಿಯ ನಿಜವಾದ ದರ್ಜಿ. ಅಂಟಿಸುವ ಗಡ್ಡ ಎಷ್ಟು ಉದ್ದ ಇರಬೇಕೆಂದು ಅವರನ್ನೇ ಕೇಳಿದರಂತೆ. ಅವರು ತಮ್ಮ ಬೋಳು ಗಲ್ಲ ಸವರಿಕೊಂಡು, “ನಂಗೇನ್ ಗೊತ್ತು ಸಾಬ್, ನಾನು ದಿನಾ ಶೇವ್ ಮಾಡ್ತೀನಿ” ಅಂದರಂತೆ. ಗಡ್ಡ ಅಂಟಿಸಿದರು.

ಬೀದಿ ಗುಡಿಸುವ ಹೆಂಗಸಿನ ಪಾತ್ರ ಹುಟ್ಟಿದ್ದು ನನ್ನ ಅತ್ತೆಯಿಂದ.

ಕಾಟನ್‌ಪೇಟೆಯ ಹಿಂದೆ ಇದ್ದ ಕ್ವಾರ್ಟರ್ಸ್‌ನಲ್ಲಿ ನಮ್ಮ ಮನೆ. ಈಗ ಪೌರಕಾರ್ಮಿಕರು ಅನ್ನುತ್ತಾರೆ. ಆಗ ಜಾಡಮಾಲಿ ಅನ್ನುತ್ತಿದ್ದರು, ಪಗಾರದ ಚೀಟಿಯ ಮೇಲೂ ಅದೇ ಇರುತ್ತಿತ್ತು. ಅತ್ತೆಗೆ ಮೂವತ್ತೆಂಟು ವರ್ಷ. ಬಸವನಗುಡಿ, ಚಾಮರಾಜಪೇಟೆಯ ಬೀದಿಗಳನ್ನು ಗುಡಿಸಿ ಇಪ್ಪತ್ತು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಯೇ ಇದ್ದಳು. ಅವಳ ಬಾಯಿಗೆ ಕಾಲೋನಿಯ ಗಂಡಸರು ಹೆದರುತ್ತಿದ್ದರು, ಹೆಂಗಸರು ಕಾಯುತ್ತಿದ್ದರು.

1978ರ ಏಪ್ರಿಲ್ ಹದಿನಾಲ್ಕರಂದು, ಜಯಂತಿಯ ದಿನ, ಕಾಲೋನಿಯ ಮೈದಾನದಲ್ಲಿ ಅವಳು ಒಂದು ನಾಟಕ ಕಟ್ಟಿದಳು. ಹಾಜರಿ ಮೇಸ್ತ್ರಿಯನ್ನು ಅಣಕಿಸುವ ನಾಟಕ. ಮೇಸ್ತ್ರಿ ಅಂದರೆ ಬೆಳಗಿನ ಜಾವ ಹಾಜರಿ ಹಿಡಿದು ಯಾರಿಗೆ ಯಾವ ಬೀದಿ ಎಂದು ಹಂಚುವವರು. ಅದರಲ್ಲಿ ಒಬ್ಬ ಹೊಸ ಸಾಹೇಬ ಬಂದು ಗುಡಿಸುವವಳನ್ನು ಕೇಳುತ್ತಾನೆ: “ನಿಮ್ಮದು ಯಾವ ಕಡೆಯಮ್ಮಾ?” ಅವಳು ಹೇಳುತ್ತಾಳೆ: “ಎರಡೂ ಕಡೆ ಸ್ವಾಮೀ. ಒಂದ್ ಕಡೆ ಗುಡಿಸಿ ಒಂದ್ ಕಡೆ ಬಿಟ್ರೆ ಮೇಸ್ತ್ರಿ ಬೈತಾರೆ.”

ಸಿನಿಮಾದಲ್ಲಿ ಇದನ್ನು ಗಂಡಿನ ತಂದೆ ಕೇಳುತ್ತಾನೆ. ಇಡೀ ಚಿತ್ರದಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಅಲ್ಲಿ. ಬೆಂಗಳೂರಿನಲ್ಲಿ ಎರಡು ವರ್ಷ ಜನ ಅದನ್ನು ಬಸ್ಸಿನಲ್ಲಿ, ಹೋಟೆಲಿನಲ್ಲಿ ಹೇಳಿಕೊಂಡು ತಿರುಗಿದರು. ನನ್ನ ಕಚೇರಿಯಲ್ಲೂ ಹೇಳಿದರು.

ಜಯಂತಿಗೆ ಅತಿಥಿಯಾಗಿ ಬಂದಿದ್ದವರು ಮಲ್ಲೇಶ್ವರದ ಒಬ್ಬ ನಿರ್ದೇಶಕರು. ಒಳ್ಳೆಯ ಮನುಷ್ಯ. ಈ ಮಾತನ್ನು ವ್ಯಂಗ್ಯವಾಗಿ ಬರೆಯುತ್ತಿಲ್ಲ. ನಾಟಕ ನೋಡಿ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವಾರ ಮನೆಗೆ ಬಂದರು. ಬುದ್ಧನ ಕ್ಯಾಲೆಂಡರಿನ ಕೆಳಗಿದ್ದ ಕಬ್ಬಿಣದ ಕುರ್ಚಿಯಲ್ಲಿ ಕೂತರು. ಚಹಾ ಕುಡಿದರು. ಕುಡಿದರು ಎಂಬುದೇ ಅವತ್ತು ಕಾಲೋನಿಯಲ್ಲಿ ಸುದ್ದಿಯಾಯಿತು, ಅದಕ್ಕಾಗಿ ಬರೆದಿದ್ದೇನೆ.

“ನಿಮ್ಮನ್ನ ಇಟ್ಕೊಂಡೇ ಒಂದು ಪಾತ್ರ ಬರೀತೀನಿ. ಮಾಡೋದೂ ನೀವೇ,” ಅಂದರು.

“ನಾನು ಕಾಣೋದು ಚೆನ್ನಾಗಿಲ್ಲ ಸಾರ್, ಮಾತು ಮಾತ್ರ ಚೆನ್ನಾಗಿದೆ,” ಅಂದಳು ಅತ್ತೆ.

“ನೀವು ನೀವಾಗಿದ್ರೆ ಸಾಕು.”

ಹತ್ತು ತಿಂಗಳ ನಂತರ, 1979ರ ಫೆಬ್ರವರಿಯಲ್ಲಿ, ಚಿತ್ರೀಕರಣ ಶುರುವಾಯಿತು. ಅಷ್ಟರೊಳಗೆ ಅತ್ತೆ ಸಿನಿಮಾ ಸೇರಿದ ಸುದ್ದಿ ಕಾಲೋನಿಯಿಂದ ಮಾರ್ಕೆಟ್ಟಿನ ಹೂವಿನ ಸಾಲಿನವರೆಗೆ ಹರಡಿತ್ತು. ಹರಡಿದವಳು ಅವಳೇ. ಮೊದಲ ಮೂರು ದಿನ ಬೀದಿಯಲ್ಲಿ ಅವಳ ದೃಶ್ಯಗಳನ್ನೇ ತೆಗೆದರು. ಆ ತುಣುಕುಗಳನ್ನು ಗಾಂಧಿನಗರದ ಒಂದು ಚಿಕ್ಕ ಥಿಯೇಟರಿನಲ್ಲಿ ಚಿತ್ರಕ್ಕೆ ಹಣ ಹಾಕಿದವರಿಗೆ ತೋರಿಸಿದರು. ನಾಲ್ಕನೇ ಬೆಳಿಗ್ಗೆ ನಾನು ಅತ್ತೆಯ ಪಕ್ಕದಲ್ಲೇ ನಿಂತಿದ್ದೆ. ನಿರ್ದೇಶಕರು ಬಂದು, ಹಣ ಹಾಕಿದವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದರು. ಮೆತ್ತಗೆ ಮಾಡಿ ಹೇಳಬಹುದಿತ್ತು, ಮಾಡಲಿಲ್ಲ.

“ನಿಜವಾದೋಳನ್ನ ನೋಡಿ ಜನ ನಗಲ್ಲ ಅಂತಾರಮ್ಮ. ಪಾಪ ಅಂತಾರಂತೆ, ಇಲ್ಲಾ ಮುಖ ತಿರುಗಿಸ್ತಾರಂತೆ. ಒಳಗೆ ಬೆಳ್ಳಗಿದಾಳೆ ಅಂತ ಗೊತ್ತಿದ್ರೇನೇ ಕಪ್ಪಗಿರೋದು ತಮಾಷೆಯಂತೆ.”

“ನಾಟಕದಲ್ಲಿ ನಕ್ಕರಲ್ಲ ಸಾರ್?”

“ಅಲ್ಲಿ ನಕ್ಕೋರು ನಿಮ್ಮೋರೇ ಅಲ್ವೇನಮ್ಮ.”

“ನೀವೂ ನಕ್ರಿ.”

ಪಾತ್ರವನ್ನು ಆಗಲೇ ಹೆಸರು ಮಾಡಿದ್ದ ಒಬ್ಬ ಹಾಸ್ಯನಟಿಗೆ ಕೊಟ್ಟಾಗಿತ್ತು. ಆಕೆ ಬಹಳ ಬೆಳ್ಳಗಿದ್ದರು. ಅತ್ತೆ ಎರಡು ಕೆಲಸಕ್ಕೆ ಬೇಕಾಗಿದ್ದಳು: ನಟಿಗೆ ಮಾತಿನ ಧಾಟಿ ಹೇಳಿಕೊಡಲು, ಮತ್ತು ಬಣ್ಣಕ್ಕೆ. ಚಿತ್ರ ಕಲರ್. ಕಪ್ಪು-ಬಿಳುಪಿನ ಕಾಲದಲ್ಲಿ ಒಂದಿಷ್ಟು ಮಸಿ ಬಳಿದರೆ ನಡೆಯುತ್ತಿತ್ತು, ಕಲರಿನಲ್ಲಿ ಬಣ್ಣ ಸಹಜವಾಗಿರಬೇಕು, ಅದಕ್ಕೆ ಎದುರಿಗೆ ಒಂದು ನಿಜವಾದ ಮೈ ಬೇಕು ಎಂದು ನಿರ್ದೇಶಕರು ವಿವರಿಸಿದರು.

ಅತ್ತೆ ಹೊರಡಲು ಸೆರಗು ಸಿಕ್ಕಿಸಿದಳು. ಆಗ ಅವರು ಮಾತು ಕೊಟ್ಟರು.

“ಕೊನೇ ಪಂಕ್ತೀಲಿ ನೀವು ಕೂತ್ಕೊಳ್ಳಿ. ವಠಾರದೋರಲ್ಲಿ ಒಬ್ಬರಾಗಿ. ಮುಖ ಕಾಣೋ ಹಾಗೆ ತೆಗೀತೀನಿ. ಇದು ನನ್ನ ಮಾತು.”

“ಎಷ್ಟು ಹೊತ್ತು ಕಾಣ್ತೀನಿ?”

“ಕ್ಯಾಮೆರಾ ಒಂದ್ಸಲ ಸಾಲಿನ ಮೇಲೆ ಹೋಗುತ್ತೆ.”

“ಸಾಕು,” ಅಂದಳು ಅತ್ತೆ.

ಅಷ್ಟಕ್ಕೆ ಒಪ್ಪಿದ್ದು ಏಕೆಂದು ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ. ಬಸವನಗುಡಿಯ ಮದುವೆ ಛತ್ರಗಳ ಹಿಂಬದಿ ಅವಳ ಪಾಲಿಗೆ ಬಂದ ಜಾಗವಾಗಿತ್ತು. ಲಗ್ನದ ತಿಂಗಳುಗಳಲ್ಲಿ ಎಂಜಲೆಲೆ ಗುಡ್ಡದ ಹಾಗೆ ಬೀಳುತ್ತಿತ್ತು. “ಇಪ್ಪತ್ತು ವರ್ಷ ಎಲೆ ಎತ್ತಿದೀನಿ ಕಣೋ,” ಅಂದಳು. “ಒಂದ್ಸಲ ಎಲೆ ಮುಂದೆ ಕೂತಿದ್ದು ತೆರೆ ಮೇಲೆ ಇರ್ಲಿ. ನಮ್ಮಮ್ಮಂದು ಒಂದು ಫೋಟೋನೂ ಇಲ್ಲ.”

ಅಲ್ಲಿಂದ ಮೇ ಕೊನೆಯವರೆಗೆ ಅವಳು ಕಾದದ್ದು ಆ ಒಂದು ದಿನಕ್ಕಾಗಿ.

ಮೇಸ್ತ್ರಿಯನ್ನು ಕೇಳಿ ಅವಳು ಬೆಳಗಿನ ಪಾಳಿಗೆ ಆ ವಠಾರದ ಬೀದಿಯನ್ನೇ ಹಾಕಿಸಿಕೊಂಡಳು. ಮೇಸ್ತ್ರಿ ತಕ್ಷಣ ಒಪ್ಪಿದರು, ಒಂದು ಷರತ್ತಿನ ಮೇಲೆ: ಅವರಿಗೂ ಚಿತ್ರೀಕರಣ ನೋಡಬೇಕಿತ್ತು. ಬೆಳಗಿನ ಐದೂವರೆಗೆ ಹಾಜರಿ. ವಠಾರದ ಮುಂದಿನ ಭಾಗವನ್ನು ಮೊದಲು ಗುಡಿಸಿ, ಏಳಕ್ಕೆ ಸರಿಯಾಗಿ ಕೈ ತೊಳೆದುಕೊಂಡು ಅವಳು ಜಗಲಿಯ ಹತ್ತಿರ ಬರುತ್ತಿದ್ದಳು.

ಮೇಕಪ್ಪಿನ ಕುರ್ಚಿ ಜಗಲಿಯ ಮೇಲಿತ್ತು. ಅದರಲ್ಲಿ ನಟಿ ಕೂರುತ್ತಿದ್ದರು. ವಠಾರದ ಯಜಮಾನರ ಮನೆಯ ಹಿರಿಯಾಕೆ ಮೊದಲ ದಿನವೇ ಹೇಳಿದ್ದರು: “ಸಿನಿಮಾದೋರು ಎಲ್ಲಾದ್ರೂ ಕೂರ್ಲಿ. ಗುಡಿಸೋಳು ಕೆಳಗೇ ನಿಂತ್ಕೊಳ್ಳಿ.” ಅತ್ತೆ ಬೀದಿಯಲ್ಲಿ ನಿಂತು ಬಲಗೈಯನ್ನು ಮೊಣಕೈವರೆಗೆ ಜಗಲಿಯ ಕಲ್ಲಿನ ಮೇಲೆ ಚಾಚುತ್ತಿದ್ದಳು. ಅಂಗಡಿಯಲ್ಲಿ ಬಟ್ಟೆಯ ತುಂಡು ಹಾಸಿದ ಹಾಗೆ ಮುಂಗೈ ಮೇಲೆ ಮಾಡಿ. ಮೇಕಪ್‌ನವರು ತಗಡಿನ ಮುಚ್ಚಳದಲ್ಲಿ ಕಂದು ಪುಡಿ, ಎಣ್ಣೆ, ಕಾಡಿಗೆ ಬೆರೆಸಿ, ಒಂದು ಚುಕ್ಕೆಯನ್ನು ಅವಳ ಕೈಗೆ ಹಚ್ಚಿ, ತಲೆ ಹಿಂದಕ್ಕೆ ಮಾಡಿ ನೋಡುತ್ತಿದ್ದರು. ಚುಕ್ಕೆ ಕಾಣದಾದಾಗ ಬಣ್ಣ ಸರಿ ಎಂದು ಲೆಕ್ಕ. ಆಮೇಲೆ ನಟಿಯ ಮುಖ, ಕತ್ತು, ಕೈಗಳಿಗೆ ಬಳಿಯುತ್ತಿದ್ದರು.

ಮೇಕಪ್‌ನವರು ಮದರಾಸಿನವರು. ಅತ್ತೆಗಿಂತ ಒಂದು ಛಾಯೆ ಕಪ್ಪಗಿದ್ದರು.

“ಅಣ್ಣಾ, ನಿಮ್ಮ ಕೈ ನೋಡ್ಕೊಂಡೇ ಬೆರೆಸ್ಬಹುದಲ್ಲ? ನಾನ್ಯಾಕೆ?” ಎಂದು ಅತ್ತೆ ಒಂದು ದಿನ ಕೇಳಿದಳು.

“ನಾನೂ ಅದೇ ಹೇಳ್ದೆ ಅಕ್ಕಾ. ಡೈರೆಕ್ಟರ್‌ಗೆ ಒರಿಜಿನಲ್ ಬೇಕಂತೆ.”

“ನೀವು ಡೂಪ್ಲಿಕೇಟಾ?”

ಕುರ್ಚಿಯಲ್ಲಿದ್ದ ನಟಿ ನಕ್ಕುಬಿಟ್ಟರು. ಅರ್ಧ ಬಳಿದ ಕೆನ್ನೆಯ ಮೇಲೆ ಬಣ್ಣ ಬಿರುಕು ಬಿಟ್ಟಿತು. ಆಕೆಯೂ ಕೆಟ್ಟವರಲ್ಲ. ಬಣ್ಣದಿಂದ ಕತ್ತಿನಲ್ಲಿ ಗುಳ್ಳೆ ಎದ್ದಿದ್ದವು, ಸಂಜೆ ಸೀಮೆಎಣ್ಣೆ ಹಚ್ಚಿ ಉಜ್ಜಿ ತೆಗೆಯಬೇಕಿತ್ತು. ಅತ್ತೆಯನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. “ನಿಮ್ ಮಾತು ನನ್ ಬಾಯಲ್ಲಿ ನಿಲ್ತಾನೇ ಇಲ್ಲ ಅಕ್ಕಾ, ಜಾರ್ಕೊಂಡ್ ಹೋಗ್ತಿದೆ” ಅನ್ನುತ್ತಿದ್ದರು. ಅತ್ತೆ ಬೀದಿಯಲ್ಲಿ ನಿಂತೇ ಹೇಳಿಕೊಡುತ್ತಿದ್ದಳು. ಪೊರಕೆ ಹಿಡಿಯುವುದನ್ನೂ ತೋರಿಸಿದಳು. ನಟಿ ಅಡುಗೆಮನೆ ಗುಡಿಸುವ ಹಾಗೆ ಹಿಡಿಯುತ್ತಿದ್ದರು, ಬೀದಿಗೆ ಅದು ಸಾಲದು. ಅದು ಕೊನೆಯವರೆಗೂ ಅವರಿಗೆ ಬರಲಿಲ್ಲ. ಚಿತ್ರದಲ್ಲಿ ನೋಡಬಹುದು.

ಬಣ್ಣದ ವಿಷಯದಲ್ಲಿ ಒಂದು ತಪ್ಪು ನಡೆಯುತ್ತಿತ್ತು. ನಾಲ್ಕು ತಿಂಗಳು ಅದು ಯಾರಿಗೂ ಗೊತ್ತಾಗಲಿಲ್ಲ.

ಏಳೂವರೆಗೆ ಅತ್ತೆ ಮತ್ತೆ ಬೀದಿಗೆ ಹೋಗುತ್ತಿದ್ದಳು. ಹನ್ನೊಂದರವರೆಗೆ ಒಂದು ಪಾಳಿ, ಮಧ್ಯಾಹ್ನ ಎರಡರಿಂದ ಐದರವರೆಗೆ ಇನ್ನೊಂದು. ಫೆಬ್ರವರಿ ಕಳೆದು ಮಾರ್ಚ್ ಬಂತು, ಏಪ್ರಿಲ್ ಬಂತು. ರವಿಕೆಯ ತೋಳಿನ ಅಂಚಿನಿಂದ ಕೆಳಗೆ ಅವಳ ಕೈ ವಾರದಿಂದ ವಾರಕ್ಕೆ ಕಪ್ಪಾಗುತ್ತಿತ್ತು. ಪ್ರತಿ ಬೇಸಿಗೆಯೂ ಆಗುತ್ತದೆ, ಮಳೆಗಾಲದಲ್ಲಿ ತಿಳಿಯಾಗುತ್ತದೆ. ನಮ್ಮ ಕಾಲೋನಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮೇಕಪ್‌ನವರಿಗೆ ಇದ್ದ ಅಪ್ಪಣೆ ಒಂದೇ: ದಿನವೂ ಅವಳ ಕೈ ನೋಡಿ ಹೊಸದಾಗಿ ಬೆರೆಸು. ಅವರು ಬೆರೆಸಿದರು. ನಿನ್ನೆಯ ಬಣ್ಣವನ್ನು ಯಾರೂ ಎತ್ತಿಡಲಿಲ್ಲ. ಸಿನಿಮಾದ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ, ಅನುಕೂಲದ ಕ್ರಮದಲ್ಲಿ ತೆಗೆಯುತ್ತಾರೆ. ಬಾಗಿಲ ಹೊರಗಿನದು ಮೇ ತಿಂಗಳಲ್ಲಿ, ಬಾಗಿಲ ಒಳಗಿನದು ಫೆಬ್ರವರಿಯಲ್ಲಿ.

ಆ ಬಣ್ಣ ಹುಟ್ಟಿನಿಂದ ಬಂದದ್ದು, ಒಂದೇ ಸಮ ಇರುವಂಥದ್ದು ಎಂದು ಅಲ್ಲಿದ್ದವರೆಲ್ಲ ತಿಳಿದಿದ್ದರು. ಅವರಲ್ಲಿ ಯಾರೂ ದಿನಕ್ಕೆ ಎಂಟು ಗಂಟೆ ಬೀದಿಯಲ್ಲಿ ನಿಂತವರಲ್ಲ.

ಮೇ ಕೊನೆಯ ಭಾನುವಾರ ಪಂಕ್ತಿಯ ದೃಶ್ಯ. ಅತ್ತೆ ಹಿಂದಿನ ದಿನವೇ ತಲೆಗೆ ಸೀಗೆಪುಡಿ ಹಾಕಿ ಸ್ನಾನ ಮಾಡಿದಳು. ನನ್ನ ಅಮ್ಮನ ಮದುವೆಯ ಹಸಿರು ಸೀರೆ ಉಟ್ಟಳು. ಕಾಲೋನಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. “ಒಬ್ಬಟ್ಟು ಇದ್ರೆ ಸೆರಗಲ್ಲಿ ಕಟ್ಕೊಂಡ್ ಬಾರೇ,” ಅಂದಳು ಪಕ್ಕದ ಮನೆಯವಳು. “ಕ್ಯಾಮೆರಾ ನೋಡುತ್ತೆ ಕಣೇ, ಕಳ್ಳಿ ಅಂತ ಟೈಟಲ್ ಹಾಕ್ತಾರೆ,” ಅಂದಳು ಅತ್ತೆ.

ನಿರ್ದೇಶಕರು ಯಜಮಾನರ ಮನೆಯ ಹಿರಿಯಾಕೆಯ ಜೊತೆ ಮಾತಾಡಿ ಒಪ್ಪಿಸಿದ್ದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅತ್ತೆ ಆ ವಠಾರದ ಹೊಸ್ತಿಲು ದಾಟಿದಳು. ಅಂಗಳದಲ್ಲಿ ಚಪ್ಪರ. ಒಂದೇ ಉದ್ದನೆಯ ಸಾಲು. ಅವಳಿಗೆ ಎಡದಿಂದ ನಾಲ್ಕನೇ ಎಲೆ. ಐದನೇ ಎಲೆಯ ಮುಂದೆ ಬಣ್ಣ ಬಳಿದುಕೊಂಡ ನಟಿ. ಅವತ್ತು ಬೆಳಿಗ್ಗೆಯೂ ಅತ್ತೆಯ ಕೈ ನೋಡಿಯೇ ಬೆರೆಸಿದ್ದರು.

ಬಡಿಸಿದರು. ನಿಜವಾದ ಅಡುಗೆ ಭಟ್ಟರನ್ನೇ ಕರೆಸಿದ್ದರು. ಅತ್ತೆ ಎಲೆಗೆ ನೀರು ಚಿಮುಕಿಸಿ ಕಾಯುತ್ತ ಕೂತಳು. ಛಾಯಾಗ್ರಾಹಕರು ಕ್ಯಾಮೆರಾದೊಳಗೆ ಕಣ್ಣಿಟ್ಟು ಸಾಲಿನ ಮೇಲೆ ಒಮ್ಮೆ ಹೋದರು, ಹಿಂದಕ್ಕೆ ಬಂದರು, ಮತ್ತೆ ಹೋದರು. ನಿರ್ದೇಶಕರನ್ನು ಕರೆದರು. ನಾನು ಚಪ್ಪರದ ಕಂಬದ ಬಳಿ ಇದ್ದೆ, ಹತ್ತು ಅಡಿ ದೂರ.

“ಅವರಿಬ್ಬರನ್ನ ಪಕ್ಕ ಪಕ್ಕ ಇಡಕ್ಕಾಗಲ್ಲ ಸಾರ್. ಈಯಮ್ಮನ ಪಕ್ಕ ನಮ್ಮ ಮೇಡಮ್ಮಿಂದು ಬಣ್ಣ ಅಂತ ಗೊತ್ತಾಗ್ತಿದೆ.”

ಮೇಕಪ್‌ನವರು ಓಡಿ ಬಂದು ಇಬ್ಬರ ಕೈಯನ್ನೂ ಹಿಡಿದು ನೋಡಿದರು. ಬಣ್ಣ ಸರಿಯಾಗಿಯೇ ಇತ್ತು. ದೀಪದ ಶಾಖಕ್ಕೆ ಅತ್ತೆಯ ಕೈ ಬೆವರಿ ಹೊಳೆಯುತ್ತಿತ್ತು. ನಟಿಯ ಕೈ ಗೋಡೆಯ ಹಾಗೆ ಇತ್ತು. ಎಣ್ಣೆ ಸವರಿದರು, ಬಣ್ಣ ಗೆರೆ ಗೆರೆಯಾಗಿ ಇಳಿಯಿತು. ಅತ್ತೆಯ ಕೈಗೆ ಪೌಡರ್ ಹಚ್ಚಿದರು, ಬೂದಿ ಬಳಿದ ಹಾಗೆ ಕಂಡಿತು. ಅವಳನ್ನು ಸಾಲಿನ ತುದಿಗೆ ಕೂರಿಸಿ ನೋಡಿದರು. ಕ್ಯಾಮೆರಾ ಸಾಲಿನುದ್ದಕ್ಕೂ ಹೋಗಬೇಕಲ್ಲ, ಎಲ್ಲಿ ಕೂರಿಸಿದರೂ ಒಂದನ್ನು ಕಂಡ ಕಣ್ಣಿಗೆ ಇನ್ನೊಂದು ಸುಳ್ಳೆಂದು ತಿಳಿಯುತ್ತಿತ್ತು. ಮತ್ತೆ ನಾಲ್ಕನೇ ಎಲೆಗೆ ತಂದು ಕೂರಿಸಿದರು. ಅನ್ನ ಆರಿತ್ತು.

ನಿರ್ದೇಶಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು.

“ಅಮ್ಮಾ, ಸ್ವಲ್ಪ ಏಳ್ತೀರಾ?”

ನಮ್ಮ ಕಡೆ ಬಡಿಸಿದ ಎಲೆಯ ಮುಂದಿನಿಂದ ಶತ್ರುವನ್ನೂ ಎಬ್ಬಿಸುವುದಿಲ್ಲ. ಸಾಲಿನಲ್ಲಿ ಕೂತಿದ್ದವರಿಗೆಲ್ಲ ಅದು ಗೊತ್ತು. ಒಬ್ಬರೂ ತಲೆ ಎತ್ತಲಿಲ್ಲ. ನಟಿ ಮಾತ್ರ, “ನಾನೇ ಏಳ್ತೀನಿ ಸಾರ್, ಅಕ್ಕ ಕೂತಿರ್ಲಿ” ಅಂದರು. ಆಕೆ ಎದ್ದರೆ ಚಿತ್ರವೇ ಇಲ್ಲ. ಅದೂ ಎಲ್ಲರಿಗೂ ಗೊತ್ತಿತ್ತು.

ಅತ್ತೆ ಕೂತಲ್ಲಿಂದಲೇ ಕೇಳಿದಳು: “ಏಳ್ತೀನಿ ಸ್ವಾಮಿ. ಎಲೆ ಮುಂದಿಂದ ಎಬ್ಬಿಸ್ದೋರು ನೀವೇ ಮೊದಲೇನಲ್ಲ. ಒಂದು ಹೇಳಿ. ನನ್ನ ಹಾಗೇ ಕಾಣ್ಲಿ ಅಂತ ನಾಲ್ಕು ತಿಂಗಳು ಕೈ ಕೊಟ್ಟೆ. ಈಗ ನಾನು ಪಕ್ಕದಲ್ಲಿದ್ರೆ ಯಾರದ್ದು ತಪ್ಪಾಗಿ ಕಾಣ್ತಿದೆ? ನಂದಾ, ಅವರದ್ದಾ?”

“ಅವರದ್ದೇ ಅಮ್ಮಾ,” ಅಂದರು ನಿರ್ದೇಶಕರು.

“ಸರಿ,” ಅಂದು ಅತ್ತೆ ಎದ್ದಳು.

ಎಲೆ ಖಾಲಿ ಬಿಡುವಂತಿರಲಿಲ್ಲ. ಬಡಿಸಿಯಾಗಿತ್ತು, ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ ಎಂದರು ಛಾಯಾಗ್ರಾಹಕರು. ಸುತ್ತ ನೋಡಿದಾಗ ಬಾಗಿಲ ಬಳಿ ಬಿಳಿ ಷರಟು ಹಾಕಿಕೊಂಡು ಹಾಜರಿ ಮೇಸ್ತ್ರಿ ನಿಂತಿದ್ದರು. ಅವರನ್ನು ಕೂರಿಸಿದರು. ಅವರು ಜೇಬಿನ ಹಾಜರಿ ಪುಸ್ತಕವನ್ನು ಅತ್ತೆಯ ಕೈಗೆ ಕೊಟ್ಟು, “ಹಿಡ್ಕೊಂಡಿರಮ್ಮ ಒಂದ್ನಿಮಿಷ” ಅಂದು ಕೂತರು. ದೃಶ್ಯ ಮುಗಿಯುವವರೆಗೆ ಅವಳು ಅದನ್ನು ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ಮುಂದಿನ ವಾರ ಸಿನಿಮಾದವರು ಆಳು ಕಳಿಸಿದರು. ಪೊರಕೆ ಹಿಡಿದ ಕೈಗಳನ್ನು ಹತ್ತಿರದಿಂದ ತೆಗೆಯಬೇಕಂತೆ, ನಟಿಯ ಕೈ ಸರಿಬರುತ್ತಿಲ್ಲವಂತೆ, ಅತ್ತೆಯ ಕೈ ಸಾಕಂತೆ, ಮುಖ ಬೇಡವಂತೆ. ಬರುವುದಿಲ್ಲ ಎಂದು ಹೇಳಿ ಬಾ ಎಂದು ಅತ್ತೆ ನನ್ನನ್ನೇ ಮಲ್ಲೇಶ್ವರಕ್ಕೆ ಕಳಿಸಿದಳು.

ನಿರ್ದೇಶಕರ ಮನೆಯಲ್ಲಿ ಒಳ್ಳೆಯ ಕಾಫಿ ಕೊಟ್ಟರು. ಅವರು ನೊಂದಿದ್ದರು. “ಆ ದಿನ ರಾತ್ರಿ ನಿದ್ದೆ ಬರ್ಲಿಲ್ಲ ನನಗೆ,” ಅಂದರು. “ಆದ್ರೆ ನೋಡಿ, ಇಂಥಾ ಪಾತ್ರ ನಮ್ಮ ಸಿನಿಮಾದಲ್ಲಿ ಇರೋದೇ ದೊಡ್ಡದು. ಮೊದಲ ಸಲ ನಿಮ್ಮೋರು ಒಬ್ಬರು ತೆರೆ ಮೇಲೆ ಎಲ್ಲರ ಜೊತೆ ಪಂಕ್ತೀಲಿ ಕೂರ್ತಿದಾರೆ.”

“ಕೂತಿದ್ದು ಮೇಸ್ತ್ರಿ ಸಾರ್.”

“ಪಾತ್ರ ಕೂತಿದೆಯಲ್ಲಪ್ಪ.” ಬಾಗಿಲವರೆಗೆ ಬಂದು, “ನೀವು ಪತ್ರಿಕೆಯೋರು. ಇದನ್ನ ಬರೀಬೇಡಿ. ಚಿತ್ರಕ್ಕೆ ಪೆಟ್ಟಾಗುತ್ತೆ. ಚಿತ್ರದಲ್ಲಿರೋ ಮಾತಿಗೂ ಪೆಟ್ಟಾಗುತ್ತೆ,” ಅಂದರು.

ನಾನು ಬರೆಯಲಿಲ್ಲ. ಅವರು ಕೇಳಿಕೊಂಡರು ಎಂದಲ್ಲ. ಕೆಲಸ ಇನ್ನೇನು ಖಾಯಂ ಆಗುವುದರಲ್ಲಿತ್ತು, ಅತ್ತೆ ಏನು ಕೆಲಸ ಮಾಡುತ್ತಾಳೆಂದು ಕಚೇರಿಯಲ್ಲಿ ಯಾರಿಗೂ ನಾನು ಹೇಳಿರಲಿಲ್ಲ.

ಚಿತ್ರ ವರ್ಷದ ಕೊನೆಯಲ್ಲಿ ಬಿಡುಗಡೆಯಾಯಿತು. ನಾನು ಆ ಹೊತ್ತಿಗೆ ಉಪಸಂಪಾದಕನಾಗಿದ್ದೆ. ಪಂಕ್ತಿಯ ದೃಶ್ಯದ ಸ್ಥಿರಚಿತ್ರವೊಂದು ಮೇಜಿಗೆ ಬಂತು. ಸುದ್ದಿ ಸಂಪಾದಕರು, “ಅಡಿಬರಹ ಹಾಕು, ಬೇಗ” ಅಂದರು. ನಾಲ್ಕನೇ ಎಲೆಯ ಮುಂದೆ ಮೇಸ್ತ್ರಿ ಕೋಸಂಬರಿಗೆ ಕೈ ಹಾಕಿದ್ದರು. ನಾನು ಬರೆದೆ: “ನಮ್ಮೂರಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ.” ಮೂರು ಕಾಲಂ ಅಗಲಕ್ಕೆ ಸರಿಯಾಗಿ ಕೂರುತ್ತಿತ್ತು.

ಅತ್ತೆ ನಿಧಾನವಾಗಿ ಕೂಡಿಸಿಕೊಂಡು ಓದುತ್ತಿದ್ದಳು. ಬೆರಳಿಟ್ಟು ಓದಿದಳು.

“ಇದು ನೀನು ಬರ್ದಿದ್ದಾ?”

“ಹೂಂ.”

“ಎಲ್ಲರೂ ಅಂತ ಬರ್ದಿದೀಯ.”

“ಹೂಂ.”

ಪತ್ರಿಕೆಯನ್ನು ಮಡಿಸಿ ಅಕ್ಕಿ ಡಬ್ಬದ ಕೆಳಗೆ ಹಾಸಿದಳು. ಇರುವೆ ಬರಬಾರದೆಂದು ಅಲ್ಲಿ ಯಾವಾಗಲೂ ಪತ್ರಿಕೆ ಹಾಸುತ್ತಿದ್ದೆವು.

ಆದರೂ ಸಿನಿಮಾ ನೋಡಲು ಬಂದಳು. ಮೆಜೆಸ್ಟಿಕ್ಕಿನ ಥಿಯೇಟರಿನಲ್ಲಿ, ಮ್ಯಾಟಿನಿ. ಅರ್ಧ ಗಂಟೆಯಾದ ಮೇಲೆ ನನ್ನ ಮೊಣಕೈ ಹಿಡಿದಳು. ತೆರೆಯ ಮೇಲೆ ಗುಡಿಸುವವಳು ಬೀದಿಯಿಂದ ಬಾಗಿಲಿಗೆ ಬಂದಳು, ಕಡುಕಪ್ಪಗಿದ್ದಳು. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು, ಗೋಧಿ ಬಣ್ಣಕ್ಕೆ ತಿರುಗಿದ್ದಳು. ಜನ ಗೊಳ್ಳೆಂದು ನಕ್ಕರು. ಬೇಕೆಂದೇ ಮಾಡಿದ ತಮಾಷೆ ಎಂದುಕೊಂಡಿರಬೇಕು.

“ಹೊರಗೆ ಮೇ ಕಣೋ,” ಅಂದಳು ಅತ್ತೆ. “ಒಳಗೆ ಫೆಬ್ರವರಿ.”

ಆಮೇಲೆ ಪ್ರತಿ ದೃಶ್ಯಕ್ಕೂ ಹೇಳುತ್ತ ಹೋದಳು. ಇದು ಜಯಂತಿಯ ಹಿಂದಿನ ದಿನ. ಇದು ಮೂರು ದಿನ ಜ್ವರ ಬಂದು ಮಲಗಿ ಎದ್ದ ಮೇಲೆ, ನೋಡು ಸ್ವಲ್ಪ ತಿಳಿಯಾಗಿದೆ. ಇದು ಛತ್ರದ ಹಿಂದೆ ಮೂರು ಮದುವೆ ಎಲೆ ಒಟ್ಟಿಗೆ ಎತ್ತಿದ ವಾರ. ಮುಂದಿನ ಸಾಲಿನವನು ತಿರುಗಿ, “ಅಮ್ಮಾ, ಸಿನಿಮಾ ನೋಡಕ್ ಬಿಡ್ರಮ್ಮ” ಅಂದ. “ನಂದೇ ನೋಡ್ತಿದೀನಿ ಕಣಪ್ಪ,” ಅಂದಳು. ಕೊನೆಯ ಪಂಕ್ತಿ ಬರುವ ಮೊದಲೇ ಎದ್ದು ಹೊರಗೆ ಹೋದಳು. ನಾನು ಹೊರಗೆ ಬಂದಾಗ ಕಡ್ಲೆಕಾಯಿಯವನ ಜೊತೆ ಮಾತಾಡುತ್ತ ನಿಂತಿದ್ದಳು.

ಅವಳ ನಾಟಕ ಮುಂದಿನ ಜಯಂತಿಗೆ ನಡೆಯಲಿಲ್ಲ. ಹುಡುಗರು ಬಂದು ಕೇಳಿದರು. “ಆ ಮಾತು ಈಗ ಸಿನಿಮಾದ್ದು. ನಾನು ಹೇಳಿದ್ರೆ ಸಿನಿಮಾ ನೋಡಿ ಕಲ್ತೋಳು ಅಂತಾರೆ,” ಅಂದಳು. ಹುಡುಗರು ಅದನ್ನು ಒಪ್ಪಿಕೊಂಡು ಹೋದರು.

ಚಿತ್ರದ ಬಗ್ಗೆ ಎಂಬತ್ತರ ದಶಕದಲ್ಲಿ ಬಂದ ಬರಹಗಳನ್ನು ನಾನು ಕತ್ತರಿಸಿ ಇಟ್ಟಿದ್ದೇನೆ. ಎಲ್ಲ ಜಾತಿಗೂ ಎಲ್ಲ ಭಾಷೆಗೂ ಜಾಗ ಕೊಟ್ಟ ಚಿತ್ರ ಎಂದು ಅವು ಹೇಳುತ್ತವೆ. ಎರಡು ಬರಹಗಳು ನನ್ನ ಅಡಿಬರಹವನ್ನೇ ಎತ್ತಿಕೊಂಡಿವೆ. ಗುಡಿಸುವವಳ ಬಣ್ಣ ಬದಲಾಗುವುದನ್ನು ಒಬ್ಬರು ತಾಂತ್ರಿಕ ಲೋಪವೆಂದು ಬರೆದರು. ಇನ್ನೊಬ್ಬರು, ಒಳಗೆ ಬಂದವರೆಲ್ಲ ಒಂದೇ ಎಂದು ಸಾರುವ ಸಂಕೇತವೆಂದು ಬರೆದರು.

1987ರಲ್ಲಿ ಚಿತ್ರವನ್ನು ಹೊಸ ಪ್ರಿಂಟ್ ತೆಗೆಸಿ ಮತ್ತೆ ಬಿಡುಗಡೆ ಮಾಡಿದರು. ಗಾಂಧಿನಗರದಿಂದ ಚಾಮರಾಜಪೇಟೆಯವರೆಗೆ ಗೋಡೆಗಳಿಗೆ ಅಂಟಿಸಿದ ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ “ನಮ್ಮೂರಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ” ಎಂದಿತ್ತು. ಮಾರನೆಯ ಬೆಳಿಗ್ಗೆ ಕಿತ್ತು ಬಿದ್ದ ಪೋಸ್ಟರಿನ ಚೂರುಗಳು ಅತ್ತೆಯ ಪಾಲಿನ ಬೀದಿಯಲ್ಲೂ ಇದ್ದವು. ಸಿನಿಮಾಕ್ಕೆ ಕರೆದೆ. “ಒಂದ್ಸಲ ನೋಡಾಯ್ತಲ್ಲ,” ಅಂದಳು. ನಾನೊಬ್ಬನೇ ಹೋದೆ.

ಹೊಸ ಪ್ರಿಂಟಿನಲ್ಲಿ ಲ್ಯಾಬಿನವರು ಹಳೆಯ ದೋಷಗಳನ್ನು ಸರಿಪಡಿಸಿದ್ದಾರೆ. ಗುಡಿಸುವವಳ ಬಣ್ಣ ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಒಂದೇ ಇದೆ. ಅದನ್ನು ಸಮ ಮಾಡಲು ಉಳಿದದ್ದೆಲ್ಲ ಬದಲಾಗಿದೆ: ವಠಾರದ ಗೋಡೆಯ ಸುಣ್ಣ ಒಂದು ದೃಶ್ಯದಲ್ಲಿ ನೀಲಿಗೆ, ಇನ್ನೊಂದರಲ್ಲಿ ಹಳದಿಗೆ ತಿರುಗಿದೆ. ಕೊನೆಯ ಪಂಕ್ತಿಯಲ್ಲಿ ಎಡದಿಂದ ನಾಲ್ಕನೇ ಎಲೆಯ ಮುಂದೆ ಮೇಸ್ತ್ರಿ ಕೂತಿದ್ದಾರೆ.